ಎರಡು ಲೋಟ

ಕಾನಹೊಸಹಳ್ಳಿ
4 ನವೆಂಬರ್ 2024

ಪುಷ್ಪಕ್ಕನಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ಮೊಬೈಲಿನಲ್ಲಿ ನಿಮ್ಮ ಚಾನೆಲ್ಲಿನ ಈ ವಾರದ ಕಥೆ ಕೇಳಿದೆ. ಆಮೆ ಕೊಟ್ಟೂರು ಸಂತೆ ಮುಟ್ಟುವಷ್ಟರಲ್ಲಿ ಸಂತೆಯೇ ಎದ್ದುಹೋಗಿರುತ್ತದಲ್ಲ, ಅಲ್ಲಿ ನೀವು ನಕ್ಕ ರೀತಿ ಇಷ್ಟವಾಯಿತು. ನಾನು ಅಲ್ಲಿ ನಗು ಬರೆದಿರಲಿಲ್ಲ.

ಕಥೆ ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸಲು ನಿಮ್ಮ ಮಗ ಪ್ರವೀಣಕುಮಾರ್ ಯಾವಾಗಲೂ ಸ್ವಲ್ಪ ತಡ ಮಾಡುತ್ತಾರೆ. ಆ ಹೊತ್ತಿನಲ್ಲಿ ನೀವು ಕೂತು ಓದುವ ಗೋಡೌನಿನ ಸದ್ದುಗಳು ನನಗೆ ಕೇಳಿಸುತ್ತವೆ. ನೀವು ಮೆಕ್ಕೆಜೋಳದ ಚೀಲಕ್ಕೆ ಒರಗುವುದು, ಕನ್ನಡಕ ಮಡಚುವುದು, ಚಹಾ ಕುಡಿದು ಲೋಟವನ್ನು ನೆಲಕ್ಕಿಡುವುದು. ಇವತ್ತು ಲೋಟ ಇಟ್ಟ ಸದ್ದು ಎರಡು ಸಲ ಬಂತು. ಪ್ರವೀಣಕುಮಾರ್ ಚಹಾ ಕುಡಿಯುವುದಿಲ್ಲ ಎಂದು ನೀವೇ ಹಿಂದೊಮ್ಮೆ ಬರೆದಿದ್ದಿರಿ.

ಸುಮ್ಮನೆ ಕೇಳಿದೆ, ಅಷ್ಟೆ.

ಮುಂದಿನ ವಾರದ ಕಥೆ ಅಪ್ಪ ಬಸ್ಸಿನಲ್ಲಿ ತರುವ ಈ ಕವರಿನಲ್ಲಿದೆ. ಮೆಣಸಿನಕಾಯಿ ಕಾಯುವ ಅಜ್ಜಿಯದು. ಎಂದಿನಂತೆ ನೀವು ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಗೆರೆ ಹಾಕಿದ್ದೇನೆ. ಎರಡು ವರ್ಷದಿಂದ ನಿಮಗಾಗಿ ಬರೆಯುತ್ತಾ ನಿಮ್ಮ ಉಸಿರು ಎಲ್ಲಿ ಮುಗಿಯುತ್ತದೆ ಎಂಬುದು ಕಿವಿಗೆ ಗೊತ್ತಾಗಿಬಿಟ್ಟಿದೆ. ನಿಮ್ಮ ಮುಖ ನೋಡಿಲ್ಲ, ಆದರೂ ಇಷ್ಟು ಗೊತ್ತಿದೆ.

ಅಜ್ಜಿ ಕಾಗೆಗೆ ಬೈಯುವ ಮಾತೆಲ್ಲ ನಮ್ಮವ್ವನವು. ಸಿಟ್ಟು ಮಾಡಿಕೊಂಡು ಓದಿ, ಅವ್ವನಿಗೆ ಖುಷಿಯಾಗುತ್ತದೆ.

ನಿಮ್ಮ
ಕೋಮಲಾ

*

ಹರಪನಹಳ್ಳಿ
9 ನವೆಂಬರ್ 2024

ಕೋಮಲಾಗೆ ಪುಷ್ಪಕ್ಕನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. "ಈ ಹುಡುಗಿ ಪೊಲೀಸ್ ಇಲಾಖಿಗೆ ಹೋಗಬೇಕಿತ್ತು ಕಣೇ. ಆಮಿ, ಕಾಗಿ ಅನ್ಕಂಡು ಮನ್ಯಾಗ ಕುಂತಾಳ" ಅಂದರು. ಲೋಟದ ಸದ್ದು ಕೇಳಿ ಮನೆಗೆ ಯಾರು ಬಂದರೆಂದು ಹೇಳುವವಳು ನೀನೊಬ್ಬಳೇ ಇರಬೇಕು.

ಎರಡನೇ ಲೋಟ ಕೀರ್ತನಾಳದು. ಮಾಗಳದ ಹುಡುಗಿ, ಬಿ.ಎಡ್. ಓದಲು ಇಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ರೂಮು ಮಾಡಿದ್ದಾಳೆ. ಹೊಳೆ ದಂಡೆಯವರು ಆಚೆ ದಡದವರನ್ನು ಕೂಗಿ ಕೂಗಿ ದನಿ ಹಾಗಾಗುತ್ತದೋ ಏನೋ, ಅವಳು ಬೀದಿಯಲ್ಲಿ "ಅಮ್ಮಾ" ಅಂದರೆ ಗೋಡೌನಿನ ಚೀಲಗಳ ನಡುವೆಯೂ ಕೇಳುತ್ತದೆ. ನಾನು ಓದುವಾಗ ಎದುರಿಗೆ ಕೂರುತ್ತಾಳೆ. ನಗುವ ಕಡೆ ನಗುತ್ತಾಳೆ. ಆಮೆಯ ಕಥೆಗೆ ನಾನು ನಕ್ಕದ್ದು ಅವಳ ಮುಖ ನೋಡಿ. ಚಹಾಕ್ಕೆ ಶುಂಠಿ ಜಜ್ಜಿ ಹಾಕುತ್ತಾಳೆ, ಗಂಟಲಿಗೆ ಹಿತವಾಗುತ್ತದೆ.

ಒಂದು ಮಾತು. ಇನ್ನು ಮೇಲೆ ವಾಕ್ಯಗಳನ್ನು ಸ್ವಲ್ಪ ಚಿಕ್ಕದಾಗಿ ಬರಿ. ಕೆಂಪು ಗೆರೆ ಇನ್ನೂ ಹತ್ತಿರ ಹತ್ತಿರ ಹಾಕು. ಕೇಳುವ ಮಕ್ಕಳಿಗೆ ಸುಲಭ.

ನೀನೂ ಬಾ, ಮೈಕಿನ ಮುಂದೆ ನೀನೇ ಒಂದು ಕಥೆ ಓದು ಅಂತ ಎಷ್ಟು ಸಲ ಬರೆದೆ. ಪ್ರತಿ ಸಲವೂ ನೀನು ಅದೊಂದು ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಬರೆದೆ. ಫೋನು ಮಾಡಿದರೆ ಎತ್ತುವುದಿಲ್ಲ. ಇನ್ನು ಬಲವಂತ ಮಾಡುವುದಿಲ್ಲ ಬಿಡು. ನಿಮ್ಮಪ್ಪನವರೂ ನಿನ್ನ ಹಾಗೆಯೇ. ಕವರ್ ಕೊಟ್ಟು, "ಬಸ್ಸಿಗೆ ಹೊತ್ತಾತು ಬರ್ತೀನ್ರಿ" ಅಂತ ಬಾಗಿಲಲ್ಲೇ ತಿರುಗುತ್ತಾರೆ. ಬಸ್ಸು ನೋಡಿದರೆ ಅಲ್ಲೇ ಆಕಳಿಸುತ್ತಾ ನಿಂತಿರುತ್ತದೆ.

ನಿನ್ನ
ಪುಷ್ಪಕ್ಕ

*

ಕಾನಹೊಸಹಳ್ಳಿ
18 ನವೆಂಬರ್ 2024

ಪುಷ್ಪಲತಾ ಅಮ್ಮನವರಿಗೆ ನಮಸ್ಕಾರ.

ಕೀರ್ತನಾ ಅವರ ಬಗ್ಗೆ ತಿಳಿದು ಸಂತೋಷವಾಯಿತು. ಎದುರಿಗೆ ಕೂತು ನಗುವವರು ಸಿಗುವುದು ಒಳ್ಳೆಯದೇ. ನಾನೂ ಪ್ರತಿ ಸೋಮವಾರ ನಗುತ್ತೇನೆ. ಅದು ಹರಪನಹಳ್ಳಿಯವರೆಗೆ ಕೇಳಿಸುವುದಿಲ್ಲ. ನಾನು ಹೊಳೆ ದಂಡೆಯವಳಲ್ಲ.

ವಾಕ್ಯಗಳ ಬಗ್ಗೆ ಬರೆದಿದ್ದೀರಿ. ಮಕ್ಕಳಿಗೆ ಎರಡು ವರ್ಷ ಉದ್ದ ಅನ್ನಿಸದ ವಾಕ್ಯ ಈಗ ಉದ್ದ ಅನ್ನಿಸಿದ್ದರೆ ತಿದ್ದಿಕೊಳ್ಳಬೇಕಾದ್ದೇ. ಬಿ.ಎಡ್.ನಲ್ಲಿ ಇಂಥದ್ದನ್ನೆಲ್ಲ ಕಲಿಸುತ್ತಾರಂತೆ. ನಾನು ಓದಿದ್ದು ಬರೀ ಎಂ.ಎ.

ನಿಮ್ಮ ಕಾಗದ ಬಂದ ದಿನ ಅವ್ವ ನನ್ನನ್ನೇ ನೋಡುತ್ತಿದ್ದಳು. ಅಂಗನವಾಡಿಯ ಮಕ್ಕಳ ಮುಖ ನೋಡಿ ಯಾರಿಗೆ ಹೊಟ್ಟೆನೋವು, ಯಾರು ಕಳ್ಳ ಅಂತ ಹೇಳುವವಳು ಅವಳು.

"ಏನಾತ್ಲೇ, ಮಕ ಯಾಕ ಊದಿಸ್ಕಂಡಿ?"

"ಏನಿಲ್ಲಬೇ."

"ಆಯಮ್ಮ ನಿನಗೇನು ಸ್ವಂತ ಅಕ್ಕನಾ ತಂಗಿನಾ? ಕಥಿ ಬೇಕು, ಬರಿಸ್ಕಂತಾಳ. ಆಕಿ ಮನಿಗೆ ಯಾರು ಬಂದ್ರ, ಯಾರು ಚಾ ಕುಡದ್ರ ನಿನಗೇನಾಗಬೇಕು?"

ಅಪ್ಪ ಟಿಕೆಟ್ ಮಷಿನ್ನಿನ ಚೀಲ ಗೂಟಕ್ಕೆ ಹಾಕುತ್ತಾ, "ಬಿಡಬೇ ದುರುಗಮ್ಮ, ಆ ಕಡಿ ಮಂದಿ ಅಂಥವರಲ್ಲ" ಅಂದ. ಬಾಗಿಲಲ್ಲೇ ನಿಂತು ಬರುವವನಿಗೆ ಒಳಗಿನವರ ಬಗ್ಗೆ ಇಷ್ಟು ನಂಬಿಕೆ ಹೇಗೆ ಬಂತೋ.

ಇದರ ಜೊತೆ ಬೇವಿನ ಮರದ ಕಥೆ ಇದೆ. ತನ್ನ ನೆರಳಲ್ಲಿ ಯಾರು ಕೂರಬೇಕೆಂದು ತಾನೇ ಆರಿಸಲು ಹೊರಟ ಮರ. ವಾಕ್ಯಗಳು ಅದಕ್ಕೆ ಎಷ್ಟು ಬೇಕೋ ಅಷ್ಟು ಉದ್ದ ಇವೆ. ಗೆರೆ ಹಾಕಿಲ್ಲ. ಹತ್ತಿರ ಕೂತವರಿಗೆ ನಿಮ್ಮ ಉಸಿರು ನನಗಿಂತ ಚೆನ್ನಾಗಿ ಕೇಳಿಸುತ್ತಿರಬೇಕು. ಅವರೇ ಹಾಕಲಿ.

ಕೋಮಲಾ

*

ಕಾನಹೊಸಹಳ್ಳಿ
9 ಡಿಸೆಂಬರ್ 2024

ಶ್ರೀಮತಿ ಪುಷ್ಪಲತಾ ಹಾಲೇಶಪ್ಪ ಅವರಿಗೆ,

ಮೂರು ವಾರದಿಂದ ಅಪ್ಪ ಬರಿಗೈಲಿ ಬರುತ್ತಿದ್ದಾನೆ. ಕಾಗದ ಇಲ್ಲ. ಎರಡು ಸೋಮವಾರ ಹಳೆಯ ಕಥೆಗಳನ್ನೇ ಮತ್ತೆ ಹಾಕಿದಿರಿ. ಇವತ್ತು ಬೇವಿನ ಮರ ಬಂತು.

ಮರ ತನ್ನ ಕೊಂಬೆ ಎತ್ತಿ ಕುರಿಗಾರನನ್ನು ಬಿಸಿಲಿಗೆ ನೂಕುವವರೆಗೆ ನೀವು ಓದಿದ್ದೀರಿ. ಅಲ್ಲಿಂದ ಬೇರೆ ದನಿ. ಹೆಸರು ಹೇಳದಿದ್ದರೂ ಯಾರದೆಂದು ಗೊತ್ತಾಯಿತು. ದನಿ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಅಷ್ಟೊಂದು ಚೆನ್ನಾಗಿರಬೇಕಾಗಿರಲಿಲ್ಲ.

ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಅದನ್ನೇ ಕೇಳುತ್ತಾ ನಿಂತಿದ್ದರು. "ಈಕಿ ಯಾರೇ ಹೊಸಾಕಿ? ಎಷ್ಟು ಚಂದ ಓದತಾಳ! ಈಕಿನೇ ಬರದಿರಬೇಕು ನೋಡು" ಅಂದಳು ಒಬ್ಬಳು. ನಾನು ಬ್ರೆಡ್ ತೆಗೆದುಕೊಂಡು ಬಂದೆ. ನೀವು ಓದುವಾಗಲೂ ಜನ ನೀವೇ ಬರೆದಿದ್ದೀರೆಂದು ತಿಳಿಯುತ್ತಿದ್ದರು. ಆಗ ನನಗೆ ಹೆಮ್ಮೆಯಾಗುತ್ತಿತ್ತು. ಇವತ್ತು ಮನೆವರೆಗೆ ದಾರಿ ಕಾಣಲಿಲ್ಲ.

ಬರೆಯಬೇಕಾದ ಮಾತು ಬೇರೆ ಇದೆ. ಜನವರಿ ತಿಂಗಳ ಕೊನೆಗೆ ಈ ಕೆಲಸ ನಿಲ್ಲಿಸಬೇಕೆಂದಿದ್ದೇನೆ. ಒಮ್ಮೆಲೇ ಕೈಬಿಡುವುದಿಲ್ಲ. ಒಪ್ಪಿಕೊಂಡಿರುವ ಕಥೆಗಳನ್ನೆಲ್ಲ ಮುಗಿಸಿ ಕೊಡುತ್ತೇನೆ. ಇದುವರೆಗಿನ ಕಥೆಗಳ ಒಂದೊಂದು ಪ್ರತಿ ನನ್ನಲ್ಲಿದೆ, ಅವನ್ನು ಒಪ್ಪವಾಗಿ ಜೋಡಿಸಿ ಕಳಿಸುತ್ತೇನೆ. ಹೊಸದಾಗಿ ಬರೆಯುವವರಿಗೆ ನಿಮ್ಮ ಕೇಳುಗರು ಎಂಥವರೆಂದು ತಿಳಿಯಬೇಕಾಗುತ್ತದೆ, ಅದನ್ನೂ ಬರೆದು ಕೊಡುತ್ತೇನೆ. ಯಾರು ಬರೆಯುತ್ತಾರೆಂದು ನಾನು ಕೇಳುವುದಿಲ್ಲ.

ಪತ್ರಿಕೆಯ ಮೂಲೆಯಲ್ಲಿ ಬಂದ ನನ್ನದೊಂದು ಪುಟ್ಟ ಕಥೆ ಓದಿ ನೀವು ಕಾಗದ ಬರೆದಿದ್ದಿರಿ. ನನಗೆ ಬಂದ ಮೊದಲ ಓದುಗರ ಕಾಗದ ಅದು. ಅದನ್ನು ಮರೆಯುವುದಿಲ್ಲ. ನನಗೆ ನಿಮ್ಮ ಮೇಲೆ ಯಾವ ಬೇಸರವೂ ಇಲ್ಲ.

ಇಂತಿ,
ಕೋಮಲಾ ಎನ್.

*

ಹರಪನಹಳ್ಳಿ
16 ಡಿಸೆಂಬರ್ 2024

ಚಿರಂಜೀವಿ ಕೋಮಲಾಗೆ,

ನಿನ್ನ ಕಾಗದ ಬಂತು. ಎರಡು ದಿನ ಇಟ್ಟುಕೊಂಡು ಆಮೇಲೆ ಬರೆಯುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸಕ್ಕೆ ನೀನು ಅರ್ಜಿ ಹಾಕಿದ್ದೀಯೆಂದು ನಿಮ್ಮಪ್ಪ ನಮ್ಮ ಮನೆಯವರಿಗೆ ಹೇಳಿದ್ದರಂತೆ. ಆಗಿರಬೇಕು. ನೀನು ಬರೆಯದಿದ್ದರೂ ನನಗೆ ತಿಳಿಯುತ್ತದೆ. ಒಳ್ಳೆಯದಾಗಲಿ. ಕ್ಲಾಸಿನಲ್ಲಿ ನಿಂತು ಮಾತಾಡಲೇಬೇಕಾಗುತ್ತದೆ, ಆ ನಾಚಿಕೆ ಅಲ್ಲಾದರೂ ಬಿಡಲಿ. ಈ ಮುದುಕಿಯ ಆಮೆ, ಕಾಗೆಗಾಗಿ ನೀನು ಅಂಥ ದಾರಿ ಬಿಡಬಾರದು. ನಾನು ತಡೆಯುವುದಿಲ್ಲ.

ಬೇವಿನ ಮರ ಒಳ್ಳೆಯ ಕಥೆ. ಗೆರೆ ಹಾಕದೆ ಕಳಿಸಿದ್ದಕ್ಕೆ ಏನೋ ಕಾರಣ ಇರಬೇಕು, ಆ ಮರದ ಸೊಕ್ಕಿಗೆ ತಕ್ಕ ಹಾಗೆ ಒಂದೇ ಉಸಿರಿನಲ್ಲಿ ಓದಬೇಕೇನೋ ಅಂದುಕೊಂಡೆ. ಪ್ರಯತ್ನ ಮಾಡಿದೆ. ಆಗಲಿಲ್ಲ. ಉಳಿದದ್ದನ್ನು ಕೀರ್ತನಾ ಓದಿದಳು.

ನಮ್ಮ ಕಡೆ ಹೆಣ್ಣುಮಗಳು ಮನೆಯಿಂದ ಹೊರಡುವಾಗ ಉಡಿ ತುಂಬದೆ ಕಳಿಸುವುದಿಲ್ಲ. ನೀನು ಈ ಮನೆಗೆ ಬರಲೇ ಇಲ್ಲ, ಬರುವ ಮೊದಲೇ ಹೊರಟಿದ್ದೀ. ಆದರೂ ಅಕ್ಕಿ, ಕೊಬ್ಬರಿ, ಒಂದು ಕುಪ್ಪಸದ ಬಟ್ಟೆ ತೆಗೆದಿಟ್ಟಿದ್ದೇನೆ. ಇವನ್ನು ಬಸ್ಸಿನಲ್ಲಿ ಕಳಿಸುವ ಪದ್ಧತಿ ಇಲ್ಲ. ಬಂದೇ ತೆಗೆದುಕೊಂಡು ಹೋಗಬೇಕು. ಬರುವುದು ಬಿಡುವುದು ನಿನ್ನಿಷ್ಟ.

ಪುಷ್ಪಲತಾ

*

ಕಾನಹೊಸಹಳ್ಳಿ
6 ಜನವರಿ 2025

ಪುಷ್ಪಕ್ಕಾ,

ನಿನ್ನೆ ಅಪ್ಪ ಮನೆಗೆ ಬಂದವನೇ ನೀರು ಕುಡಿಯದೆ ಕಟ್ಟೆಯ ಮೇಲೆ ಕೂತ. ನಿಮ್ಮ ಯಜಮಾನರು ಹಾಲೇಶಪ್ಪನವರು ಅವನನ್ನು ಬಿಡದೆ ಒಳಗೆ ಕರೆದುಕೊಂಡು ಹೋದರಂತೆ. "ಕಂಡಕ್ಟ್ರೇ, ಇವತ್ತು ನಿಮ್ಮ ಬಸ್ಸು ಬಿಟ್ಟೋದ್ರೂ ಚಿಂತಿಲ್ಲ, ಚಾ ಕುಡದೇ ಹೋಗಬೇಕು" ಅಂದರಂತೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೂ ಕುಡಿದು ಬಂದನಂತೆ.

"ಆಯಮ್ಮ ಎಷ್ಟು ತಣ್ಣಗ ಕುಂತಾರಬೇ, ಒಂದು ಮಾತಿಲ್ಲ" ಅಂದ ಅವ್ವನಿಗೆ.

"ಯಾಕ, ಸಿಟ್ಟು ಬಂದೈತೇನು?"

"ಸಿಟ್ಟಲ್ಲ. ಮಾತು ಬರವಲ್ವು. ಗಂಟಲದಾಗ ಏನೋ ಗಂಟು ಆಗ್ಯಾವಂತ, ದಾವಣಗೇರಿ ಡಾಕ್ಟ್ರು ಬಾಯಿ ಬಿಡಬ್ಯಾಡ ಅಂದಾರಂತ. ಸಣ್ಣ ಹುಡುಗ್ರ ಪಾಟಿ ಇಟ್ಕಂಡಾರ. ನನ್ನ ನೋಡಿ ಅದರ ಮ್ಯಾಲ ಬರದು ತೋರಿಸಿದ್ರು, ಮಗಳು ಹೆಂಗದಾಳ ಅಂತ."

ಅವ್ವ ನನ್ನ ಕಡೆ ನೋಡಿದಳು. ನಾನು ಒಳಗೆ ಹೋದೆ.

ಹಳೆಯದನ್ನೆಲ್ಲ ತೆಗೆದು ಕೇಳಿದೆ. ಆಮೆಯ ಕಥೆಯಲ್ಲೇ ನಿಮ್ಮ ದನಿ ಕೊನೆಗೆ ಒಡೆದಿದೆ. ಅಲ್ಲಿ ನಾನು ಲೋಟ ಎಣಿಸುತ್ತಿದ್ದೆ. ವಾಕ್ಯ ಚಿಕ್ಕದು ಮಾಡು, ಗೆರೆ ಹತ್ತಿರ ಹಾಕು ಎಂದು ನೀವು ಬರೆದದ್ದು ಈಗ ಅರ್ಥವಾಯಿತು. ಬೇವಿನ ಮರದ ಅಷ್ಟುದ್ದದ ವಾಕ್ಯಗಳನ್ನು ನಾನು ಸಿಟ್ಟಿನಿಂದ ಬರೆದೆ. ಗೆರೆ ಬಿಟ್ಟದ್ದೂ ಸಿಟ್ಟಿಗೇ. ಮರದ ಸೊಕ್ಕು ಅಂತ ನೀವು ಅಂದುಕೊಂಡಿರಿ. ಅದು ಮರದ್ದಲ್ಲ.

ಕಾಲೇಜಿನ ಕೆಲಸ ನನಗೆ ಆಗಿಲ್ಲ. ಅರ್ಜಿ ಹಾಕಿದ್ದು ಸೆಪ್ಟೆಂಬರಿನಲ್ಲಿ. ಉತ್ತರ ಬಂದಿಲ್ಲ.

ನನಗೆ ಒಂದೇ ಒಂದು ಗೊತ್ತಾಗಬೇಕು. ಕೀರ್ತನಾಗೆ ಗೊತ್ತಿತ್ತು. ಪ್ರವೀಣಕುಮಾರರಿಗೆ ಗೊತ್ತಿತ್ತು. ಈಗ ಅಪ್ಪನಿಗೂ ಗೊತ್ತು. ನಿಮ್ಮ ಉಸಿರು ಲೆಕ್ಕವಿಟ್ಟವಳು ನಾನು. ನನಗೆ ಯಾಕೆ ಹೇಳಲಿಲ್ಲ?

ಕೋಮಲಾ

*

ಹರಪನಹಳ್ಳಿ
11 ಜನವರಿ 2025

ನನ್ನ ಕೋಮಲಾ,

ಪಾಟಿಯ ಮೇಲೆ ಬರೆದು ಬರೆದು ಅಳಿಸಿ ಸಾಕಾಗಿದೆ. ಅಳಿಸದೆ ಬರೆಯುವುದು ನಿನಗೊಬ್ಬಳಿಗೇ. ನಮ್ಮ ಮನೆಯವರು ಬೆಳಿಗ್ಗೆ, "ಮೂವತ್ತು ವರ್ಷದಾಗ ಈಗ ನೋಡೇ ಮನಿ ತಣ್ಣಗ ಐತಿ" ಅಂತ ಅಂಗಡಿಯ ಹುಲುಗೇಶನ ಎದುರು ಜೋಕು ಮಾಡಿದರು. ಪಾಟಿಯಲ್ಲಿ ಬೈದು ತೋರಿಸಿದೆ. ಕನ್ನಡಕ ಹುಡುಕುವಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಮಾತಿಲ್ಲದವರಿಗೆ ಜಗಳವೂ ಇಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಅಳತೆ ಮಾಡಿ ಬರೆಯುತ್ತಿದ್ದಿ. ಪುಷ್ಪಕ್ಕನಿಗೆ ಇದು ಭಾರವಾದೀತು, ಅದು ಉದ್ದವಾದೀತು ಅಂತ ಒಂದೊಂದು ಮಾತಿಗೂ ಹಿಂದೆ ಸರಿಯುತ್ತಿದ್ದಿ. ರೋಗಿಗೆ ಗಂಜಿ ಕೊಟ್ಟ ಹಾಗೆ ಕಥೆ ಕೊಡುತ್ತಿದ್ದಿ. ನನಗೆ ಖಾರ ಬೇಕಿತ್ತು. ಎಲ್ಲರೂ ನನ್ನನ್ನು ಅಯ್ಯೋ ಪಾಪ ಅನ್ನುವಾಗ ನೀನೊಬ್ಬಳಾದರೂ ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಿ. ಅದೇ ಚೆನ್ನಾಗಿತ್ತು.

ಕೀರ್ತನಾಳನ್ನು ಕರೆಸಿದ್ದು ಬರೆಯುವುದಕ್ಕಲ್ಲ. ಅವಳಿಗೆ ಒಂದು ರಜಾ ಅರ್ಜಿ ಬರೆಯಲೂ ಬಾರದು. ನನ್ನ ಜಾಗಕ್ಕೆ ಕರೆಸಿದ್ದು. ಆ ಜಾಗವನ್ನು ಮೊದಲು ನಿನಗೆ ಕೊಟ್ಟೆ. ಬಾ, ಮೈಕಿನ ಮುಂದೆ ಕೂರು ಅಂತ ಕರೆಯುವಾಗಲೇ ನನ್ನ ಗಂಟಲು ಕೆಡುತ್ತಾ ಬಂದಿತ್ತು. ನೀನು ಉತ್ತರವನ್ನೇ ಕೊಡಲಿಲ್ಲ. ನಮ್ಮ ಮನೆಗೆ ಬರಲು ನಿನಗೆ ಮನಸ್ಸಿಲ್ಲ ಅಂದುಕೊಂಡೆ. ನಿಮ್ಮಪ್ಪ ಬಾಗಿಲಲ್ಲೇ ನಿಲ್ಲುವುದು ನೋಡಿ, ನಾವೇ ಏನೋ ತಪ್ಪು ಮಾಡಿದ್ದೇವೆ, ಸರಿಯಾಗಿ ಕರೆಯಲಿಲ್ಲವೇನೋ ಅಂತಲೂ ಅಂದುಕೊಂಡೆ.

ಇನ್ನೊಂದು ಬರೆಯುತ್ತೇನೆ, ಯಾರ ಎದುರೂ ಓದಬೇಡ. ನನಗೂ ಹೊಟ್ಟೆ ಉರಿಯುತ್ತದೆ. ಅವಳು ನನ್ನ ಚೀಲಕ್ಕೆ ಒರಗಿ, ನನ್ನ ಮೈಕು ಹತ್ತಿರ ಎಳೆದುಕೊಂಡು ಓದುತ್ತಾಳೆ. ನಾನು ಎದುರಿಗೆ ಕೂತು ನಗುವ ಕಡೆ ನಗಬೇಕು, ಅದೂ ಸದ್ದಿಲ್ಲದೆ. ಬೇವಿನ ಮರದ ಕಥೆಯ ಕೆಳಗೆ ಕಾಮೆಂಟಿನಲ್ಲಿ ಜನ ಏನು ಬರೆದಿದ್ದಾರೆ ನೋಡಿದೆಯಾ? ಹೊಸ ದನಿ ಜೇನು ಅಂತೆ. ಹಾಗಾದರೆ ಹಳೆಯದು ಏನಾಗಿತ್ತು, ಬೆಲ್ಲದ ಪಾಕವೂ ಅಲ್ಲವಾ? ಅವಳು ಒಳ್ಳೆಯ ಹುಡುಗಿ. ಒಳ್ಳೆಯವಳಾದ್ದರಿಂದ ಬೈಯಲೂ ಆಗುವುದಿಲ್ಲ. ಅವಳು ಶುಂಠಿ ಚಹಾ ತಂದಾಗ ಒಂದೊಂದು ದಿನ ಲೋಟವನ್ನು ಬೇಕೆಂದೇ ಜೋರಾಗಿ ಇಡುತ್ತೇನೆ. ನನ್ನದೂ ಒಂದು ಸದ್ದು ಇರಲಿ ಅಂತ.

ಡಾಕ್ಟರು ಆಪರೇಷನ್ ಆದ ಮೇಲೆ ಮಾತು ಬರುತ್ತದೆ ಅಂದಿದ್ದಾರೆ. ಓದುವ ದನಿ ಬರುತ್ತದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಿನಗೆ ಬೇರೆ ಕೆಲಸ ಆಗಿಲ್ಲ ಅಂದ ಮೇಲೆ ಕೇಳುತ್ತಿದ್ದೇನೆ. ಅವಳಿಗಾಗಿ ಬರೆಯುತ್ತೀಯಾ? ಆಗುವುದಿಲ್ಲ ಅಂದರೂ ನನಗೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಆಗುವುದಿಲ್ಲ ಅಂದರೆ ಒಳಗೊಳಗೆ ಖುಷಿಯಾದೀತು.

ನಿನ್ನ
ಪುಷ್ಪಕ್ಕ

*

ಕಾನಹೊಸಹಳ್ಳಿ
20 ಜನವರಿ 2025

ಪುಷ್ಪಕ್ಕಾ,

ಇವತ್ತಿನ ಕಥೆಯನ್ನು ಪೂರ್ತಿ ಕೀರ್ತನಾ ಓದಿದಳು. ಕೊನೆಯಲ್ಲಿ ಕಿವಿ ಕೊಟ್ಟು ಕೂತಿದ್ದೆ. ಮೊದಲು ಒಂದು ಲೋಟ ಮೆತ್ತಗೆ ಇಟ್ಟ ಸದ್ದು. ಆಮೇಲೆ ಇನ್ನೊಂದು, ಠಣ್ ಅಂತ. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಅವ್ವ ಅಡುಗೆ ಮನೆಯಿಂದ, "ಏನ್ಲೇ, ಒಬ್ಬಾಕಿನ ಯಾಕ ನಗಾಕತ್ತಿ" ಅಂತ ಬಂದಳು.

ಅವಳಿಗಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ವಾಕ್ಯಗಳೆಲ್ಲ ನಿಮ್ಮ ಉಸಿರಿನ ಅಳತೆಗೆ ಹುಟ್ಟಿದವು, ಬೇರೆ ದನಿಗೆ ಒಗ್ಗುವುದಿಲ್ಲ ಎಂದೆಲ್ಲ ಒಂದು ಪುಟ ಬರೆದಿದ್ದೆ. ಎಂ.ಎ. ಓದಿದವರಿಗೆ ಇಂಥದ್ದನ್ನು ಬರೆಯುವುದು ಸುಲಭ. ಆಮೇಲೆ ಹರಿದು ಹಾಕಿದೆ. ಹೊಟ್ಟೆಕಿಚ್ಚು, ಅಷ್ಟೆ. ನೀವು ನಿಮ್ಮದನ್ನು ಬರೆದ ಮೇಲೆ ನಾನು ನನ್ನದಕ್ಕೆ ಬೇರೆ ಹೆಸರು ಇಡುವುದು ಸರಿಯಲ್ಲ. ಅವಳು ಕೆಟ್ಟವಳಾಗಿದ್ದರೆ ಇಬ್ಬರಿಗೂ ಎಷ್ಟು ಸುಲಭವಾಗುತ್ತಿತ್ತು!

ಆದರೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಹಳೆಯ ಕಥೆಗಳ ಕಟ್ಟು, ಅದರ ಜೊತೆ ಉಳಿದ ಹೊಸ ಕಥೆಗಳು ಅಪ್ಪನ ಕೈಲಿ ಬರುತ್ತಿವೆ. ಹೊಸದರಲ್ಲಿ ಗೆರೆ ಇವೆ. ಕೆಂಪಲ್ಲ, ನೀಲಿ. ಕೀರ್ತನಾಳ ಓದನ್ನು ಮತ್ತೆ ಮತ್ತೆ ಕೇಳಿ ಅವಳ ಉಸಿರು ಎಲ್ಲಿ ಮುಗಿಯುತ್ತದೆಂದು ಕಲಿತೆ. ಅವಳದು ನಿಮ್ಮದಕ್ಕಿಂತ ಉದ್ದ. ಗೆರೆಗಳು ದೂರ ದೂರ ಬಿದ್ದಿವೆ. ಒಂದೊಂದು ಗೆರೆ ಎಳೆಯುವಾಗಲೂ ಹಲ್ಲು ಕಚ್ಚಿದೆ, ಆದರೆ ಒಂದನ್ನೂ ತಪ್ಪು ಜಾಗದಲ್ಲಿ ಹಾಕಿಲ್ಲ. ನಂಬಿ. ಮುಂದೆ ಬರೆಯುವವರು ಯಾರೇ ಆದರೂ ಅವರಿಗೆ ತೋರಿಸಿ. ಅವಳು ನಗುವ ಮೊದಲು ಒಂದು ಗಳಿಗೆ ನಿಲ್ಲುತ್ತಾಳೆ, ಅಲ್ಲಿ ಜಾಗ ಬಿಡಬೇಕು.

ನೀವು ಕರೆದಾಗ ನಾನು ಉತ್ತರ ಕೊಡದಿದ್ದದ್ದು ನಿಮ್ಮ ಮನೆಗೆ ಬರಲು ಮನಸ್ಸಿಲ್ಲದೆ ಅಲ್ಲ. ನನ್ನ ದನಿ ನನಗೇ ಸೇರುವುದಿಲ್ಲ. ಅಂಗಡಿಯಲ್ಲಿ ಸಕ್ಕರೆ ಕೇಳಿದರೆ ಅಂಗಡಿಯವರು, "ಏನವಾ, ಜೋರಾಗಿ ಹೇಳು" ಅನ್ನುತ್ತಾರೆ. ಎದುರಿಗೆ ಬಂದರೆ, ಕಾಗದದ ಕೋಮಲಾ ಇವಳಲ್ಲ ಎಂದು ನಿಮಗೆ ಅನ್ನಿಸಿಬಿಡುತ್ತದೆಂದು ಹೆದರಿದ್ದೆ. ಬಾಗಿಲ ವಿಷಯವನ್ನು ಅಪ್ಪನಿಗೆ ಓದಿ ಹೇಳಿದೆ. "ಕೆಲವು ಮನಿ ಬಾಗಿಲದಾಗ ನಿಂತು ನಿಂತು ರೂಢಿ ಆಗಿಬಿಟ್ಟೈತಿ ಮಗಳ. ಅವರ ತಪ್ಪೇನಿಲ್ಲ. ಚಾ ಚಲೋ ಇತ್ತು" ಅಂದ.

ಒಪ್ಪಿಕೊಂಡ ಕಥೆಗಳಲ್ಲಿ ಒಂದು ಈ ಕಟ್ಟಿನಲ್ಲಿಲ್ಲ. ಕೊನೆಯದು. ಅದನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದಿದ್ದೇನೆ. ಕೆಂಪು ಗೆರೆ ತೀರಾ ಹತ್ತಿರ ಹತ್ತಿರ ಇವೆ, ಹೆದರಿದವಳ ಉಸಿರು ಅಷ್ಟೇ ಬರುವುದು. ಹಗಲಿನಲ್ಲೇ ಅವ್ವನ ಎದುರು ಒಮ್ಮೆ ಓದಿ ನೋಡಿದೆ. "ಕೇಳಸ್ತತಿ ಬಿಡು" ಅಂದಳು.

ಶುಕ್ರವಾರ ಅಪ್ಪನ ಬಸ್ಸಿಗೆ ಹರಪನಹಳ್ಳಿಗೆ ಬರುತ್ತೇನೆ. ಮೈಕು ಬೇಡ, ಪ್ರವೀಣಕುಮಾರ್ ಬೇಡ. ನೀವು ನಿಮ್ಮ ಚೀಲಕ್ಕೆ ಒರಗಿ ಕೂತುಕೊಳ್ಳಿ, ನಾನು ಎದುರಿಗೆ ಕೂತು ಓದುತ್ತೇನೆ. ಆಮೇಲೆ ಉಡಿ ತುಂಬಿ ಕಳಿಸಿ, ಕೆಲಸ ಮುಗಿಯಲಿ. ಕೀರ್ತನಾಗೆ ನನ್ನ ನಮಸ್ಕಾರ ಹೇಳಿ. ಅವಳ ಜೊತೆ ಚಹಾ ಇನ್ನೊಂದು ದಿನ ಕುಡಿಯುತ್ತೇನೆ.

ಶುಕ್ರವಾರ ಮಾತ್ರ ಎರಡೇ ಲೋಟ ಇಡಿ.

ನಿಮ್ಮ
ಕೋಮಲಾ